ಫೋಟೋ, ವಿಡಿಯೋಗಳೇ ತುಂಬಿದ ವೆಬ್‌ಸೈಟ್ ಗೂಗಲ್‌ನಲ್ಲಿ ಸಿಗುವುದು ಹೇಗೆ?

ಹೋಂಸ್ಟೇ ನಡೆಸುವವರು, ತೋಟದ ಕಾಫಿಪುಡಿ, ಜೇನು, ಕಾಳುಮೆಣಸು ಮಾರುವವರು ಬುಕಿಂಗ್ ಆ್ಯಪ್‌ಗಳ ಕಮಿಷನ್ ಉಳಿಸಲು ಸ್ವಂತ ವೆಬ್‌ಸೈಟ್ ಮಾಡಿಸಿಕೊಳ್ಳುವುದು ಕೊಡಗಿನಲ್ಲಿ ಈಗ ಮಾಮೂಲಾಗಿದೆ. ಇವುಗಳಲ್ಲಿ ಬಹುತೇಕಕ್ಕೆ ಒಂದೇ ಮುಖ. ತೆರೆದೊಡನೆ ಮಂಜು ಹೊದ್ದ ಬೆಟ್ಟದ ವಿಡಿಯೋ, ಅದರ ಕೆಳಗೆ ಕಾಫಿ ಹೂವು, ಕೋಣೆಗಳು, ಪಂದಿಕರಿ, ಕಡಂಬಿಟ್ಟು, ಕ್ಯಾಂಪ್‌ಫೈರ್. ಬರಹ ಮಾತ್ರ ನಾಲ್ಕು ಸಾಲು. ಮನೆಯ ಹೆಸರನ್ನೇ ಟೈಪ್ ಮಾಡಿದರೆ ಸೈಟ್ ಸಿಗುತ್ತದೆ. ‘ಕಕ್ಕಬ್ಬೆ ಹತ್ತಿರ ಹೋಂಸ್ಟೇ’ ಎಂದೋ ‘ತಡಿಯಂಡಮೋಳ್ ಚಾರಣಕ್ಕೆ ಉಳಿಯುವ ಜಾಗ’ ಎಂದೋ ಹುಡುಕಿದರೆ ಎಷ್ಟು ಕೆಳಗಿಳಿದರೂ ಪತ್ತೆಯಿಲ್ಲ. ಹೆಸರು ಗೊತ್ತಿರುವವರು ಹೇಗೂ ಫೋನ್ ಮಾಡುತ್ತಾರೆ. ಹೊಸಬರು ಹುಡುಕುವುದು ಊರಿನ ಹೆಸರಿನಿಂದ, ಬೇಕಾದ ಸೌಕರ್ಯದಿಂದ.

ಹೀಗಾಗುವುದಕ್ಕೆ ಸೈಟ್ ಕೆಟ್ಟದಾಗಿರಬೇಕೆಂದೇನೂ ಇಲ್ಲ. ಕಣ್ಣಿಗೆಂದು ಕಟ್ಟಿದ ಸೈಟಿನಲ್ಲಿ ಸರ್ಚ್ ಎಂಜಿನ್ ಓದಿಕೊಳ್ಳುವಂಥದ್ದು ಕಡಿಮೆ, ಅಷ್ಟೆ. ಫೋಟೋಗಳನ್ನು ತೆಗೆದುಹಾಕದೆಯೇ ಇದನ್ನು ಸರಿಮಾಡಬಹುದು.

ಸರ್ಚ್ ಎಂಜಿನ್ ಒಳಗೆ ನಡೆಯುವುದೇನು?

ಗೂಗಲ್, ಬಿಂಗ್‌ಗಳ ಕೆಲಸ ಮೂರು ಹಂತದ್ದು. ‘ಬಾಟ್’ ಎಂಬ ಪ್ರೋಗ್ರಾಮು ಲಿಂಕ್‌ನಿಂದ ಲಿಂಕ್‌ಗೆ ಹೋಗುತ್ತ ಪುಟಗಳನ್ನು ತರುತ್ತದೆ, ಇದು ಕ್ರಾಲಿಂಗ್. ತಂದ ಪುಟ ಯಾವುದರ ಕುರಿತದ್ದೆಂದು ತಿಳಿದು ದಾಖಲಿಸಿಕೊಳ್ಳುವುದು ಇಂಡೆಕ್ಸಿಂಗ್. ಯಾರಾದರೂ ಹುಡುಕಿದಾಗ ದಾಖಲೆಯಿಂದ ಹೊಂದುವ ಪುಟಗಳನ್ನು ಆರಿಸಿ ಸಾಲಾಗಿ ಇಡುವುದು ರ‍್ಯಾಂಕಿಂಗ್. ಬೆಂಗಳೂರಿನಲ್ಲಿ ಒಬ್ಬರು ಹುಡುಕಿದ ಆ ಕ್ಷಣದಲ್ಲಿ ಗೂಗಲ್ ನಿಮ್ಮ ಸೈಟಿಗೆ ಬಂದು ನೋಡುವುದಿಲ್ಲ. ದಾಖಲೆಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಾಫಿ ಕುಯ್ಲಿನ ಹೊತ್ತಿನಲ್ಲಿ ಎಸ್ಟೇಟಿನ ರೈಟರು ಮೂಟೆಗಳನ್ನು ಲೆಕ್ಕಕ್ಕೆ ಹತ್ತಿಸಿಕೊಳ್ಳುವ ಕ್ರಮಕ್ಕೆ ಇದು ಹತ್ತಿರ. ಒಂದೊಂದು ಮೂಟೆ ಬಿಚ್ಚಿ, ಹಣ್ಣು ನೋಡಿ, ಯಾವ ಬ್ಲಾಕಿನದೆಂದು ಅವರು ಪತ್ತೆಮಾಡುತ್ತ ಕೂರುವುದಿಲ್ಲ. ಮೂಟೆಗೆ ಕಟ್ಟಿದ ಚೀಟಿ ನೋಡಿ ಬರೆದುಕೊಳ್ಳುತ್ತಾರೆ. ಫೋಟೋ ಒಂದು ಮೂಟೆ ಎಂದಾದರೆ ಅದರ ಸುತ್ತಲಿನ ಮಾತುಗಳೇ ಚೀಟಿ.

ಹಾಗೆಂದು ಗೂಗಲ್‌ಗೆ ಚಿತ್ರದೊಳಗಿನದು ಏನೂ ತಿಳಿಯುವುದಿಲ್ಲ ಎನ್ನುವ ಕಾಲ ಇದಲ್ಲ. ಬೆಟ್ಟ, ಮಂಜು, ಹಸಿರು ಎಂಬಷ್ಟನ್ನು ಅದು ಚಿತ್ರ ನೋಡಿಯೇ ಗುರುತಿಸುತ್ತದೆ. ಆದರೆ ಆ ಬೆಟ್ಟ ಮಾಂದಲಪಟ್ಟಿಯೋ ಮುನ್ನಾರೋ, ಆ ಕೋಣೆಯಲ್ಲಿ ಎಷ್ಟು ಜನ ಮಲಗಬಹುದು, ಬಾಡಿಗೆ ಎಷ್ಟು ಎಂಬುದನ್ನು ಮಾತಿನಲ್ಲೇ ಹೇಳಬೇಕು. ಅತಿಥಿಗಳು ಹುಡುಕುವುದೂ ಇಂಥದ್ದನ್ನೇ.

ಬಾಟ್‌ನ ಎರಡು ಮಿತಿಗಳನ್ನು ನೆನಪಿಡಿ. ಅದು ಮನುಷ್ಯರಂತೆ ಸ್ಕ್ರೋಲ್ ಮಾಡುವುದಿಲ್ಲ, ಬಟನ್ ಒತ್ತುವುದಿಲ್ಲ. ಎರಡನೆಯದು, ಗೂಗಲ್ ದಾಖಲಿಸುವುದು ಸೈಟಿನ ಮೊಬೈಲ್ ರೂಪವನ್ನು. 2016ರಲ್ಲಿ ಘೋಷಿಸಿದ ಈ ಬದಲಾವಣೆಯನ್ನು ಅದು 2023ರಲ್ಲಿ ಮುಗಿಸಿತು. ಕಂಪ್ಯೂಟರಿನಲ್ಲಿ ಕಾಣುವ ವಿವರಣೆಯನ್ನು ‘ಫೋನಿನಲ್ಲಿ ಜಾಗ ಸಾಲದು’ ಎಂದು ಡಿಸೈನರು ತೆಗೆದಿದ್ದರೆ, ಗೂಗಲ್‌ನ ಪಾಲಿಗೆ ಆ ವಿವರಣೆ ಸೈಟಿನಲ್ಲೇ ಇಲ್ಲ.

ಒಂದು ಫೋಟೋವನ್ನು ಸಿದ್ಧಮಾಡುವ ಬಗೆ

ಕಾಫಿ ಹೂವು ಅರಳಿಸುವ ಹೂಮಳೆಯಾದ ಮೇಲೆ ತೋಟದಲ್ಲಿ ಫೋನಿನಿಂದ ತೆಗೆದ ಕಾಫಿ ಹೂವಿನ ಫೋಟೋ ಒಂದನ್ನು ತೆಗೆದುಕೊಳ್ಳೋಣ. 12 ಮೆಗಾಪಿಕ್ಸೆಲ್ ಫೋನಿನದಾದರೆ ಅದರ ಅಳತೆ ಸುಮಾರು 4000×3000 ಪಿಕ್ಸೆಲ್, ತೂಕ 3ರಿಂದ 5 ಎಂಬಿ. ಹೆಸರು ‘ಐಎಂಜಿ’ ಎಂದು ಶುರುವಾಗಿ ನಾಲ್ಕಾರು ಅಂಕಿಗಳಲ್ಲಿ ಮುಗಿಯುತ್ತದೆ.

ಮೊದಲು ಹೆಸರು ಬದಲಿಸಿ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ಕಾಫಿ-ಬ್ಲಾಸಮ್-ಕಕ್ಕಬ್ಬೆ’ ಎಂಬಂತೆ ಚಿಕ್ಕದಾಗಿ, ಪದಗಳ ನಡುವೆ ಅಡ್ಡಗೆರೆ (-) ಇಟ್ಟು ಬರೆಯಿರಿ. ಅಡಿಗೆರೆ (_) ಬೇಡ, ಪದಗಳನ್ನು ಬೇರ್ಪಡಿಸಲು ಗೂಗಲ್ ಶಿಫಾರಸು ಮಾಡುವುದು ಅಡ್ಡಗೆರೆಯನ್ನು. ಕನ್ನಡ ಅಕ್ಷರದ ಹೆಸರನ್ನೂ ಗೂಗಲ್ ಓದುತ್ತದೆ, ಆದರೆ ಲಿಂಕ್ ಹಂಚಿಕೊಂಡಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಬದಲಾಗುವುದರಿಂದ ಕೈಕೆಲಸಕ್ಕೆ ತೊಡಕು. ಸೈಟಿಗೆ ಏರಿಸುವ ಮೊದಲೇ ಹೆಸರು ಬದಲಿಸಬೇಕು. ಏರಿಸಿದ ಮೇಲೆ ಬದಲಿಸಿದರೆ ಫೋಟೋದ ವಿಳಾಸವೇ ಬದಲಾಗಿ ಹಳೆಯ ದಾಖಲೆ ವ್ಯರ್ಥವಾಗುತ್ತದೆ.

ಆಮೇಲೆ ತೂಕ ಇಳಿಸಿ. ಅಗಲ 1600 ಪಿಕ್ಸೆಲ್ ಸಾಕು. 1200ಕ್ಕಿಂತ ಕೆಳಗೆ ಇಳಿಸಬೇಡಿ, ಏಕೆಂದರೆ ಫೋನಿನಲ್ಲಿ ಲೇಖನಗಳನ್ನು ತಾನಾಗಿ ತೋರಿಸುವ ಗೂಗಲ್ ಡಿಸ್ಕವರ್‌ನಲ್ಲಿ ಚಿತ್ರ ದೊಡ್ಡದಾಗಿ ಕಾಣಲು ಕನಿಷ್ಠ 1200 ಪಿಕ್ಸೆಲ್ ಅಗಲ ಬೇಕು. ವೆಬ್‌ಪಿ ಎಂಬ ಹಗುರ ಫೈಲ್ ರೂಪದಲ್ಲಿ, ಗುಣಮಟ್ಟ 75–80ರಲ್ಲಿ ಉಳಿಸಿದರೆ ಅದೇ ಫೋಟೋ ಸಾಮಾನ್ಯವಾಗಿ 150ರಿಂದ 300 ಕೆಬಿ ಒಳಗೆ ಬರುತ್ತದೆ. ಎಲೆ, ಹೂವು, ಹುಲ್ಲಿನಂಥ ಸಣ್ಣ ಸಣ್ಣ ವಿವರ ಹೆಚ್ಚಿರುವ ಚಿತ್ರ ಸ್ವಲ್ಪ ಹೆಚ್ಚು ತೂಗುತ್ತದೆ, ಮಂಜಿನ ಚಿತ್ರ ಹಗುರ. ಬ್ರೌಸರಿನಲ್ಲೇ ಉಚಿತವಾಗಿ ಕೆಲಸ ಮಾಡುವ ‘ಸ್ಕ್ವೂಶ್’ ಇದಕ್ಕೆ ಸಾಕು. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ 5.8ನೇ ಆವೃತ್ತಿಯಿಂದ ವೆಬ್‌ಪಿ ಸ್ವೀಕರಿಸುತ್ತದೆ. ಐಫೋನಿನ ಎಚ್‌ಇಐಸಿ ರೂಪದ ಫೋಟೋಗಳನ್ನು ಹಾಗೆಯೇ ಹಾಕಬೇಡಿ. ಹಲವು ಬ್ರೌಸರ್‌ಗಳು ಅದನ್ನು ತೋರಿಸುವುದಿಲ್ಲ, ಗೂಗಲ್ ಇಮೇಜಸ್ ಬೆಂಬಲಿಸುವ ರೂಪಗಳ ಪಟ್ಟಿಯಲ್ಲೂ ಅದಿಲ್ಲ. ವಾಟ್ಸಾಪಿನಲ್ಲಿ ಮಾಮೂಲಾಗಿ ಬಂದ ಫೋಟೋ ಒಮ್ಮೆ ಹಿಂಡಿ ಬಂದಿರುತ್ತದೆ, ಮತ್ತೆ ಹಿಂಡಿದರೆ ಎಸಳಿನ ಅಂಚು ಕಲಸಿಹೋಗುತ್ತದೆ. ಮೂಲವನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ.

ಮೂರನೆಯದು ‘ಆಲ್ಟ್’ ಬರಹ. ಫೋಟೋ ಕಾಣದವರಿಗೆ ಅದರಲ್ಲಿ ಏನಿದೆ ಎಂದು ಹೇಳುವ ಸಾಲು ಇದು. ದೃಷ್ಟಿದೋಷ ಇರುವವರು ಬಳಸುವ ಸ್ಕ್ರೀನ್ ರೀಡರ್ ಇದನ್ನೇ ಓದಿ ಹೇಳುತ್ತದೆ, ಚಿತ್ರ ಏನೆಂದು ತಿಳಿಯಲು ಗೂಗಲ್ ಕೂಡ ಮುಖ್ಯವಾಗಿ ಇದನ್ನೇ ನೆಚ್ಚುತ್ತದೆ. ‘ಫೋಟೋ 3’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಕೊಡಗು ಹೋಂಸ್ಟೇ, ಮಡಿಕೇರಿ ಹೋಂಸ್ಟೇ, ಕಡಿಮೆ ದರದ ಹೋಂಸ್ಟೇ’ ಎಂದು ತುರುಕಿದರೆ ಗೂಗಲ್ ಅದನ್ನು ಸ್ಪ್ಯಾಮ್ ಎಂದು ಎಣಿಸಬಹುದು. ‘ಕಕ್ಕಬ್ಬೆಯ ತೋಟದಲ್ಲಿ ಸಿಲ್ವರ್ ಓಕ್ ಮರಗಳ ಕೆಳಗೆ ಬಿಳಿಯಾಗಿ ಅರಳಿದ ರೊಬಸ್ಟಾ ಕಾಫಿ ಹೂವು’: ಇಷ್ಟು ಸಾಕು. ಪುಟ ಯಾವ ಭಾಷೆಯಲ್ಲಿದೆಯೋ ಆಲ್ಟ್ ಅದೇ ಭಾಷೆಯಲ್ಲಿರಲಿ. ಅಲಂಕಾರಕ್ಕೆ ಹಾಕಿದ ಗೆರೆ, ಬಳ್ಳಿಯ ಚಿತ್ತಾರಗಳಿಗೆ ಆಲ್ಟ್ ಅನ್ನು ಖಾಲಿ ಬಿಡುವುದೇ ಸರಿಯಾದ ಕ್ರಮ.

ಕೊನೆಗೆ ಫೋಟೋ ಕೂರುವ ಜಾಗ. ಅದು ಹೂವಿನ ವಿಷಯ ಹೇಳುವ ಪ್ಯಾರಾದ ಪಕ್ಕದಲ್ಲಿ, ಕೆಳಗೊಂದು ಅಡಿಬರಹದೊಂದಿಗೆ ಇರಬೇಕು. ‘ಹೂಮಳೆ ಬಿದ್ದು ಒಂದು ವಾರದಿಂದ ಹತ್ತು ದಿನದೊಳಗೆ ಅರಳುತ್ತದೆ, ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್’ ಎಂಬ ಅಡಿಬರಹ, ಹೂವು ನೋಡಲು ಯಾವಾಗ ಬರಬೇಕೆಂದು ಹುಡುಕುವವರಿಗೆ ನೇರ ಉತ್ತರವಾಗುತ್ತದೆ. ಡಿಸೈನರು ಫೋಟೋವನ್ನು ಪುಟದ ‘ಹಿನ್ನೆಲೆ’ಯಾಗಿ ಸಿಎಸ್‌ಎಸ್ (ಪುಟದ ಅಲಂಕಾರದ ಕೋಡ್) ಮೂಲಕ ಹಾಕಿದ್ದರೆ ಗೂಗಲ್ ಇಮೇಜಸ್ ಅದನ್ನು ದಾಖಲಿಸುವುದಿಲ್ಲ. ಸೈಟಿನ ಅತ್ಯಂತ ಚೆಂದದ ಫೋಟೋ ಈ ಕಾರಣಕ್ಕೇ ಹುಡುಕಾಟದಿಂದ ಹೊರಗುಳಿಯುವುದು ಸಾಮಾನ್ಯ. ಮುಖ್ಯವಾದ ಚಿತ್ರಗಳು, ಪುಟದಲ್ಲಿ ಚಿತ್ರ ಕೂರಿಸುವ ಕೋಡ್ ಆದ ‘ಐಎಂಜಿ’ ಟ್ಯಾಗ್‌ನಲ್ಲೇ ಇರಬೇಕು.

ಗ್ಯಾಲರಿ ಎಲ್ಲಿ ಕೈಕೊಡುತ್ತದೆ?

ಅರವತ್ತು ಫೋಟೋಗಳನ್ನು ಒಂದೇ ‘ಗ್ಯಾಲರಿ’ ಪುಟದಲ್ಲಿ ಸುರಿಯುವುದು ಎಲ್ಲ ಕಡೆ ಕಾಣುವ ರೂಢಿ. ಆ ಪುಟ ಯಾವುದರ ಬಗ್ಗೆ ಎಂದು ಕೇಳಿದರೆ ‘ಫೋಟೋಗಳ ಬಗ್ಗೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಇಲ್ಲ. ಅದನ್ನು ಒಡೆಯಿರಿ. ಕೋಣೆಗಳಿಗೆ ಒಂದು ಪುಟ, ಊಟಕ್ಕೆ ಒಂದು, ತಡಿಯಂಡಮೋಳ್ ಚಾರಣಕ್ಕೆ ಒಂದು, ಕಾಫಿ ಕುಯ್ಲಿಗೆ ಒಂದು. ಚಾರಣದ ಪುಟದಲ್ಲಿ ಬೆಟ್ಟ 1748 ಮೀಟರ್ ಎತ್ತರದ್ದು, ಕೊಡಗಿನಲ್ಲೇ ಅತಿ ಎತ್ತರದ್ದು, ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ, ನಿಮ್ಮಲ್ಲಿಂದ ಅಲ್ಲಿಗೆ ಎಷ್ಟು ಕಿಲೋಮೀಟರ್, ಜೀಪ್ ಸಿಗುತ್ತದೆಯೇ, ಮಳೆಗಾಲದಲ್ಲಿ ಜಿಗಣೆ ಎಷ್ಟು ಎಂಬುದನ್ನೆಲ್ಲ ಬರೆದು, ಆರೇಳು ಫೋಟೋ ಹಾಕಿದರೆ ಸಾಕು. ಹೊರಗಿನವರಲ್ಲಿ ಎಷ್ಟೋ ಜನ ‘ಕೂರ್ಗ್’ ಎಂದೇ ಹುಡುಕುವುದರಿಂದ ಬರಹದಲ್ಲಿ ಆ ಹೆಸರೂ ಒಂದೆರಡು ಕಡೆ ಸಹಜವಾಗಿ ಬರಲಿ.

ತಾಂತ್ರಿಕ ತೊಡಕುಗಳು ಇನ್ನೊಂದಿಷ್ಟು ಇವೆ. ‘ಇನ್ನಷ್ಟು ನೋಡಿ’ ಬಟನ್ ಒತ್ತಿದ ಮೇಲಷ್ಟೇ ಬರುವ ಫೋಟೋಗಳು ಬಾಟ್‌ಗೆ ಸಿಗುವುದಿಲ್ಲ. ಫೋಟೋ ಒತ್ತಿದಾಗ ವಿಳಾಸದ ಕೊನೆಗೆ # ಚಿಹ್ನೆ ಸೇರಿ ಹೊಸ ಪುಟದಂತೆ ತೆರೆದುಕೊಳ್ಳುವ ಗ್ಯಾಲರಿಗಳಿವೆ. # ನಂತರದ ಭಾಗವನ್ನು ಗೂಗಲ್ ಬೇರೆ ಪುಟವೆಂದು ಲೆಕ್ಕಿಸುವುದಿಲ್ಲ, ಹಾಗಾಗಿ ಅರವತ್ತೂ ಒಂದೇ ಪುಟವಾಗಿ ಉಳಿಯುತ್ತವೆ. ಪುಟದಿಂದ ಪುಟಕ್ಕೆ ಹೋಗುವ ದಾರಿ ನಿಜವಾದ ಲಿಂಕ್ ಆಗಿರಬೇಕು. ಜಾವಾಸ್ಕ್ರಿಪ್ಟ್‌ನಿಂದ ಲಿಂಕ್‌ನಂತೆ ವರ್ತಿಸುವ ಪೆಟ್ಟಿಗೆಯನ್ನು ಬಾಟ್ ಹಿಂಬಾಲಿಸುವುದಿಲ್ಲ. ಪರೀಕ್ಷೆ ಸುಲಭ: ಕಂಪ್ಯೂಟರಿನಲ್ಲಿ ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಹೊಸ ಟ್ಯಾಬ್‌ನಲ್ಲಿ ತೆರೆ’ ಎಂಬ ಆಯ್ಕೆ ಬಾರದಿದ್ದರೆ ಅದು ಲಿಂಕ್ ಅಲ್ಲ.

ಹಳೆಯ ಸೈಟ್‌ಗಳಲ್ಲಿ ಫ್ಲ್ಯಾಶ್‌ನಲ್ಲಿ ಮಾಡಿದ ಸ್ಲೈಡ್‌ಶೋ ಉಳಿದಿದ್ದರೆ ಕಿತ್ತುಹಾಕುವುದೊಂದೇ ದಾರಿ. 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಅದಕ್ಕೆ ಬೆಂಬಲ ನಿಲ್ಲಿಸಿತು.

ಚಿತ್ರದೊಳಗೆ ಸಿಕ್ಕಿಬಿದ್ದ ಬರಹ, ಹಳೆಯ ಫಾಂಟ್‌ಗಳ ಬರಹ

ದರಪಟ್ಟಿ, ಊಟದ ಮೆನು, ಬರುವ ದಾರಿ ಇವನ್ನು ಪೋಸ್ಟರ್ ಮಾಡಿಸಿ ಜೆಪಿಜಿಯಾಗಿ ಹಾಕುವುದು ಮತ್ತೊಂದು ಅಭ್ಯಾಸ. ವಾಟ್ಸಾಪಿಗೆ ಅದು ಸರಿ. ಸೈಟಿನಲ್ಲಿ ಅದೇ ಮಾಹಿತಿ ಅಕ್ಷರದಲ್ಲೂ ಇರಬೇಕು, ಯಾಕೆಂದರೆ ಚಿತ್ರದೊಳಗಿನ ಅಕ್ಷರಗಳನ್ನು, ಅದರಲ್ಲೂ ಅಲಂಕಾರದ ಕನ್ನಡ ಅಕ್ಷರಗಳನ್ನು, ಗೂಗಲ್ ಓದಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ.

ಕನ್ನಡ ಸೈಟ್‌ಗಳಿಗೆ ಮಾತ್ರ ಬರುವ ತೊಂದರೆಯೊಂದಿದೆ. ಡಿಟಿಪಿ ಅಂಗಡಿಯಲ್ಲಿ ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸರ್ಚ್ ಎಂಜಿನ್‌ಗೆ ಸಿಗುವುದೂ ಅದೇ. ಬ್ರೋಷರಿನ ಪಿಡಿಎಫ್ ಅನ್ನು ಸೈಟಿಗೆ ಹಾಕಿದಾಗ ಇದು ಹೆಚ್ಚಾಗಿ ನಡೆಯುತ್ತದೆ. ಗೂಗಲ್ ಪಿಡಿಎಫ್‌ಗಳನ್ನು ದಾಖಲಿಸುತ್ತದೆ, ಆದರೆ ಒಳಗಿನ ಕನ್ನಡ ಅದಕ್ಕೆ ಕನ್ನಡವಲ್ಲ. ಒಂದು ಸಾಲನ್ನು ಕಾಪಿ ಮಾಡಿ ಫೋನಿನ ವಾಟ್ಸಾಪಿಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಅದು ಎಲ್ಲ ಸಾಧನಗಳೂ ಓದುವ ಯೂನಿಕೋಡ್, ಚಿಂತೆಯಿಲ್ಲ. ಗೊಜ್ಜಾದರೆ ಹಳೆಯ ಫಾಂಟು. ಉಚಿತ ಪರಿವರ್ತಕಗಳಿಂದ ಯೂನಿಕೋಡ್‌ಗೆ ತಂದುಕೊಂಡು, ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಾರೆ ತಿದ್ದಿ. ಪರಿವರ್ತನೆಯಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಅಲ್ಲೇ. ‘ಅಬ್ಬಿ’ ಎಂಬುದು ಬೇರೇನೋ ಆಗಿ ಕೂತರೆ ಅಬ್ಬಿ ಜಲಪಾತ ಹುಡುಕುವವರಿಗೆ ಸಿಗುವುದಾದರೂ ಹೇಗೆ?

ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೈಟ್ ಇದ್ದರೆ ಒಂದೇ ಪುಟದಲ್ಲಿ ಬೆರೆಸದೆ ಬೇರೆ ಬೇರೆ ಪುಟ ಮಾಡಿ, ‘ಎಚ್‌ರೆಫ್‌ಲ್ಯಾಂಗ್’ ಗುರುತಿನಿಂದ ಒಂದಕ್ಕೊಂದು ಜೋಡಿಸಲು ಡೆವಲಪರಿಗೆ ಹೇಳಿ. ಎರಡೂ ಪುಟ ಪರಸ್ಪರ ಸೂಚಿಸಬೇಕು. ಒಂದೇ ಕಡೆ ಹಾಕಿದರೆ ಗೂಗಲ್ ಆ ಗುರುತನ್ನು ಕಡೆಗಣಿಸಬಹುದು.

ವಿಡಿಯೋಗೆ ಅದರದೇ ಪುಟ

ಮುಖಪುಟದ ತಳದಲ್ಲಿ ಅಂಟಿಸಿದ ವಿಡಿಯೋದಿಂದ ಹುಡುಕಾಟಕ್ಕೆ ಹೆಚ್ಚೇನೂ ಲಾಭವಿಲ್ಲ. 2023ರ ಡಿಸೆಂಬರ್‌ನಿಂದ ಗೂಗಲ್‌ನ ‘ವಿಡಿಯೋಸ್’ ವಿಭಾಗ, ವಿಡಿಯೋವೇ ಮುಖ್ಯವಾಗಿರುವ ಪುಟಗಳನ್ನು ಮಾತ್ರ ತೋರಿಸುತ್ತಿದೆ. ಆದ್ದರಿಂದ ಹುಡುಕಾಟದಲ್ಲಿ ಸಿಗಬೇಕಾದ ವಿಡಿಯೋಗೆ, ಉದಾಹರಣೆಗೆ ಸುಗ್ಗಿಹಬ್ಬ ಪುತ್ತರಿಯ ಕದಿರು ತೆಗೆಯುವ ದೃಶ್ಯಕ್ಕೋ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ತೋರಿಸುವ ಚಿತ್ರಕ್ಕೋ, ಸ್ವಂತ ಪುಟ ಬೇಕು. ಮೇಲೆ ವಿಡಿಯೋ, ಅದರ ಕೆಳಗೆ ಏನು ನಡೆಯುತ್ತಿದೆ ಎಂಬ ನೂರೈವತ್ತು ಇನ್ನೂರು ಪದಗಳ ವಿವರಣೆ, ಮಾತು ಇದ್ದರೆ ಅದರ ಬರಹರೂಪ. ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಹಿರಿಯರು ಮಾತಾಡಿದ್ದರೆ ಯಂತ್ರದ ಸಬ್‌ಟೈಟಲ್ ನೆಚ್ಚಬೇಡಿ; ಕೇಳಿ ಕೈಯಾರೆ ಬರೆದದ್ದಕ್ಕೇ ಬೆಲೆ. ಬರೀ ಆಡಿಯೋ ಇರುವ ಪುಟಕ್ಕೂ ಇದೇ ಮಾತು.

ಪುಟದಲ್ಲಿ ವಿಡಿಯೋ ಇದೆ ಎಂದು ಗೂಗಲ್‌ಗೆ ಸ್ಪಷ್ಟವಾಗಿ ತಿಳಿಸಲು ‘ಸ್ಟ್ರಕ್ಚರ್ಡ್ ಡೇಟಾ’ ಎಂಬ ಸಣ್ಣ ಕೋಡ್ ತುಣುಕು ಹಾಕುತ್ತಾರೆ. ವಿಡಿಯೋಗೆ ಕಡ್ಡಾಯವಾದದ್ದು ಮೂರೇ: ಹೆಸರು, ಥಂಬ್‌ನೇಲ್ ಎಂಬ ಮುಖಚಿತ್ರದ ವಿಳಾಸ, ಏರಿಸಿದ ದಿನಾಂಕ. ದಿನಾಂಕದೊಂದಿಗೆ ಹೊತ್ತನ್ನೂ ಕೊಟ್ಟು ಭಾರತೀಯ ಕಾಲಮಾನದ +05:30 ಸೇರಿಸಿ, ಇಲ್ಲದಿದ್ದರೆ ಗೂಗಲ್ ತನ್ನ ಬಾಟ್‌ನ ಕಾಲಮಾನ ಹಿಡಿಯುತ್ತದೆ. ವಿವರಣೆ, ಅವಧಿ, ವಿಡಿಯೋ ಫೈಲಿನ ಅಥವಾ ಪ್ಲೇಯರಿನ ವಿಳಾಸ ಕೊಟ್ಟರೆ ಇನ್ನೂ ಒಳ್ಳೆಯದು. ಥಂಬ್‌ನೇಲ್ ವಿಳಾಸ ದಿನಕ್ಕೊಂದು ಸಲ ಬದಲಾಗುವಂಥದ್ದಾಗಿರಬಾರದು.

ಸ್ವಂತ ಸರ್ವರಿನಲ್ಲಿ ಇಡಬೇಕೇ, ಯೂಟ್ಯೂಬಿನಲ್ಲಿಟ್ಟು ಪುಟಕ್ಕೆ ತರಬೇಕೇ? ಅಗ್ಗದ ಹೋಸ್ಟಿಂಗ್ ಇರುವವರಿಗೆ ಯೂಟ್ಯೂಬೇ ವಾಸಿ. ಹತ್ತು ಜನ ಒಟ್ಟಿಗೆ ನೋಡಿದರೆ ಸಣ್ಣ ಸರ್ವರ್ ಏದುಸಿರು ಬಿಡುತ್ತದೆ. ಕೊರತೆ ಎಂದರೆ, ಹುಡುಕಿದಾಗ ನಿಮ್ಮ ಪುಟದ ಬದಲು ಯೂಟ್ಯೂಬಿನ ಪುಟ ಮೇಲೆ ಬರಬಹುದು. ಅದಕ್ಕೇ ಯೂಟ್ಯೂಬಿನ ವಿವರಣೆಯ ಮೊದಲ ಸಾಲಿನಲ್ಲೇ ನಿಮ್ಮ ಪುಟದ ಲಿಂಕ್ ಇರಲಿ. ಅಲ್ಲಿ ಅಧ್ಯಾಯಗಳನ್ನೂ ಹಾಕಬಹುದು: ಮೊದಲ ಸಮಯ 0:00 ಆಗಿರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು.

ತೂಕದ ಲೆಕ್ಕ

ಮುಖಪುಟದಲ್ಲಿ ತಾನಾಗಿ ಓಡುವ 20 ಸೆಕೆಂಡಿನ ವಿಡಿಯೋ ಸೆಕೆಂಡಿಗೆ 6 ಮೆಗಾಬಿಟ್‌ನದಾದರೆ ಒಟ್ಟು 120 ಮೆಗಾಬಿಟ್, ಅಂದರೆ 15 ಎಂಬಿ. ಮಳೆಗಾಲದಲ್ಲಿ ಭಾಗಮಂಡಲದ ಕಡೆ ಸಿಗ್ನಲ್ ಕುಂದಿ ವೇಗ 2 ಎಂಬಿಪಿಎಸ್‌ಗೆ ಇಳಿದರೆ ಅದೊಂದೇ ಇಳಿಯಲು ಒಂದು ನಿಮಿಷ ಬೇಕು. 4 ಎಂಬಿಯ ಹನ್ನೆರಡು ಫೋಟೋಗಳಿಗೆ 4 ಎಂಬಿಪಿಎಸ್ ವೇಗದಲ್ಲಿ ಒಂದೂವರೆ ನಿಮಿಷಕ್ಕೂ ಹೆಚ್ಚು. ಅವೇ ಫೋಟೋಗಳನ್ನು 150 ಕೆಬಿಗೆ ಇಳಿಸಿದರೆ ನಾಲ್ಕು ಸೆಕೆಂಡಿನೊಳಗೆ ಬರುತ್ತವೆ.

ಗೂಗಲ್‌ನ ಅಳತೆಗೋಲು ಹೀಗಿದೆ: ಪರದೆಯ ಮೇಲಿನ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಪುಟ ಕುಲುಕಾಡುವ ಅಂಕ 0.1 ಮೀರಬಾರದು. ಕುಲುಕಾಟ ಎಂದರೆ, ಓದುತ್ತಿರುವಾಗ ಮೇಲೊಂದು ಫೋಟೋ ತಡವಾಗಿ ಬಂದು ಬರಹವನ್ನು ಕೆಳಗೆ ತಳ್ಳುವುದು; ಪ್ರತಿ ಫೋಟೋಗೂ ಅಗಲ, ಎತ್ತರವನ್ನು ಕೋಡಿನಲ್ಲೇ ನಮೂದಿಸಿದರೆ ನಿಲ್ಲುತ್ತದೆ. ಕೆಳಗಿನ ಫೋಟೋಗಳಿಗೆ ‘ಲೇಜಿ ಲೋಡಿಂಗ್’ (ಓದುಗರು ಹತ್ತಿರ ಬಂದಾಗ ಫೋಟೋ ತರುವ ವ್ಯವಸ್ಥೆ) ಹಾಕಿ, ಆದರೆ ಮೇಲಿನ ಮೊದಲ ದೊಡ್ಡ ಫೋಟೋಗೆ ಹಾಕಬೇಡಿ. ಅದಕ್ಕೂ ಹಾಕಿದರೆ ಮೊದಲು ಕಾಣಬೇಕಾದದ್ದೇ ತಡವಾಗುತ್ತದೆ. ಬ್ರೌಸರಿನದೇ ಲೇಜಿ ಲೋಡಿಂಗ್ ಗೂಗಲ್‌ಗೆ ತೊಂದರೆ ಕೊಡುವುದಿಲ್ಲ. ಬಳಕೆದಾರರು ಸ್ಕ್ರೋಲ್ ಮಾಡಿದಾಗಷ್ಟೇ ಚಿತ್ರ ತರುವ ಕೆಲವು ಪ್ಲಗಿನ್‌ಗಳು (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶಗಳು) ಕೊಡುತ್ತವೆ.

ವೇಗದ ಅಂಕಗಳ ಹಿಂದೆ ಹಗಲಿರುಳು ಬೀಳಬೇಕಾಗಿಲ್ಲ. ಪುಟದಲ್ಲಿ ಹುಡುಕಿದ್ದಕ್ಕೆ ಉತ್ತರವೇ ಇಲ್ಲದಿದ್ದರೆ ನೂರಕ್ಕೆ ನೂರು ಅಂಕ ಬಂದರೂ ಅದು ಮೇಲೇರುವುದಿಲ್ಲ. ‘ಕೀವರ್ಡ್ ಮೆಟಾ ಟ್ಯಾಗ್ ತುಂಬಿಕೊಡುತ್ತೇವೆ’ ಎಂದು, ಅಂದರೆ ಪುಟದ ಕೋಡಿನಲ್ಲಿ ಹುಡುಕುಪದಗಳ ಪಟ್ಟಿ ಸೇರಿಸಲು, ಹಣ ಕೇಳುವವರೂ ಸಿಗುತ್ತಾರೆ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ದಾಖಲಾಗಿದೆಯೇ ಎಂದು ನೋಡುವುದು

ಗೂಗಲ್‌ನಲ್ಲಿ ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಸೇರಿಸಿ ಹುಡುಕಿ. ಒಂದೂ ಪುಟ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು, ಸೈಟ್ ಕಟ್ಟುವಾಗ ಹಾಕಿದ ತಡೆಯನ್ನು ತೆಗೆಯಲು ಮರೆತಿದ್ದಾರೆಯೇ ಎಂಬುದನ್ನು. ವರ್ಡ್‌ಪ್ರೆಸ್‌ನಲ್ಲಿ ಇದು ಸೆಟ್ಟಿಂಗ್ಸ್‌ನ ‘ರೀಡಿಂಗ್’ ಪುಟದಲ್ಲಿರುವ ಒಂದು ಟಿಕ್ ಗುರುತು. ಬಾಟ್ ಎಲ್ಲಿಗೆ ಹೋಗಬಾರದೆಂದು ಹೇಳುವ ‘ರೋಬೋಟ್ಸ್’ ಫೈಲಿನಲ್ಲಿ ಫೋಟೋಗಳ ಫೋಲ್ಡರಿಗೆ ತಡೆ ಇದ್ದರೆ ಪುಟ ಸಿಗುತ್ತದೆ, ಚಿತ್ರ ಸಿಗುವುದಿಲ್ಲ.

ಸರಿಯಾದ ಚಿತ್ರಣಕ್ಕೆ, ಗೂಗಲ್‌ನಲ್ಲಿ ಸೈಟಿನ ಸ್ಥಿತಿಯನ್ನು ಮಾಲೀಕರಿಗೆ ತೋರಿಸುವ ಉಚಿತ ಸಾಧನ ‘ಗೂಗಲ್ ಸರ್ಚ್ ಕನ್ಸೋಲ್’ ಬೇಕು. ಖಾತೆಯನ್ನು ಡೆವಲಪರಿನ ಹೆಸರಲ್ಲಿ ಬಿಡದೆ ನಿಮ್ಮ ಜಿಮೇಲಿನಲ್ಲೇ ತೆರೆಸಿ. ಸೈಟಿನ ಪುಟಗಳ ವಿಳಾಸಪಟ್ಟಿಯಾದ ಸೈಟ್‌ಮ್ಯಾಪ್ ಅನ್ನು ಅಲ್ಲಿ ಸಲ್ಲಿಸಿ; ಒಂದು ಸೈಟ್‌ಮ್ಯಾಪಿನಲ್ಲಿ 50,000 ವಿಳಾಸ, ಒಂದೊಂದು ಪುಟಕ್ಕೆ 1,000 ಚಿತ್ರ ಸೇರಿಸಬಹುದಾದ್ದರಿಂದ ಹೋಂಸ್ಟೇಗೆ ಒಂದೇ ಸಾಕು. ಯಾವುದೇ ಪುಟದ ವಿಳಾಸವನ್ನು ಮೇಲಿನ ಪಟ್ಟಿಯಲ್ಲಿ ಹಾಕಿ ‘ಲೈವ್ ಟೆಸ್ಟ್’ ಒತ್ತಿದರೆ ಬಾಟ್‌ಗೆ ಆ ಪುಟ ಹೇಗೆ ಕಾಣುತ್ತದೆ ಎಂಬುದರ ಸ್ಕ್ರೀನ್‌ಶಾಟ್ ಸಿಗುತ್ತದೆ. ಫೋಟೋ ಇರಬೇಕಾದಲ್ಲಿ ಬಿಳಿ ಚೌಕ ಕಂಡರೆ ಡೆವಲಪರಿಗೆ ಅದನ್ನೇ ಕಳಿಸಿ.

ಪುಟ ‘ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ’ ಎಂದಿದ್ದರೆ ಬಾಟ್ ಬಂದು ನೋಡಿದೆ, ಆದರೆ ದಾಖಲಿಸಿಕೊಂಡಿಲ್ಲ ಎಂದರ್ಥ. ಬರಹವಿಲ್ಲದ ಗ್ಯಾಲರಿ ಪುಟಗಳಿಗೆ ಹೆಚ್ಚಾಗಿ ಬರುವ ಷರಾ ಇದು. ಭೇಟಿ ಕೊಡುವವರು ಕಡಿಮೆಯಿರುವ ಸೈಟ್‌ಗಳಿಗೆ ವೇಗದ ವರದಿಯಲ್ಲಿ ‘ಸಾಕಷ್ಟು ಮಾಹಿತಿ ಇಲ್ಲ’ ಎಂದು ಬರುತ್ತದೆ. ಗಾಬರಿಬೇಡ, ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ನಲ್ಲಿ ವಿಳಾಸ ಹಾಕಿ ನೋಡಿದರಾಯಿತು. ಮಾಡಿದ ಬದಲಾವಣೆ ಗೂಗಲ್‌ನಲ್ಲಿ ಕಾಣಲು ಕೆಲವು ದಿನಗಳಿಂದ ಕೆಲವು ವಾರಗಳು ಹಿಡಿಯುತ್ತವೆ. ಸೈಟ್ ಹೊಸದಾಗಿ ಮಾಡಿಸುವಾಗ ಹಳೆಯ ಪುಟಗಳ ವಿಳಾಸದಿಂದ ಹೊಸದಕ್ಕೆ ತಾನಾಗಿ ಕಳಿಸುವ ‘301’ ಮರುನಿರ್ದೇಶನ ಹಾಕಿಸುವುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಋತುವಿನ ಪುಟಗಳನ್ನು ಮುಂಚಿತವಾಗಿ ಹಾಕಬೇಕು. ಕಾಫಿ ಹೂವಿನ ಪುಟ ಡಿಸೆಂಬರ್ ಹೊತ್ತಿಗೆ, ಪುತ್ತರಿಯದು ಸೆಪ್ಟೆಂಬರ್ ಹೊತ್ತಿಗೆ ಸಿದ್ಧವಿದ್ದರೆ ದಾಖಲಾಗಲು ಸಮಯ ಸಿಗುತ್ತದೆ. ವಿಳಾಸದಲ್ಲಿ ಇಸವಿ ಸೇರಿಸಬೇಡಿ. ಪ್ರತಿ ವರ್ಷ ಹೊಸ ಪುಟ ತೆರೆಯುವ ಬದಲು ಅದೇ ಪುಟಕ್ಕೆ ಆ ವರ್ಷದ ಫೋಟೋ, ದಿನಾಂಕ ಸೇರಿಸುತ್ತ ಹೋಗಿ, ಆಗ ಹಳೆಯ ಲಿಂಕ್‌ಗಳ ಬಲ ಉಳಿಯುತ್ತದೆ. ಹಾಗೆ ಸೇರಿಸಿದಾಗ ಸೈಟ್‌ಮ್ಯಾಪಿನಲ್ಲಿ ಆ ಪುಟದ ‘ಲಾಸ್ಟ್‌ಮಾಡ್’ (ಕೊನೆಯ ಸಲ ಬದಲಾದ) ದಿನಾಂಕ ಬದಲಾಯಿತೇ ನೋಡಿ. ಪುಟದಲ್ಲಿ ಏನೂ ಬದಲಾಗದೆ ದಿನಾಂಕ ಮಾತ್ರ ದಿನಾ ಹೊಸದಾಗುವಂತೆ ಮಾಡುವ ಪ್ಲಗಿನ್ ಇದ್ದರೆ ತೆಗೆಸಿ. ದಿನಾಂಕ ನಿಜವೆಂದು ಖಾತ್ರಿಯಾದರೆ ಮಾತ್ರ ಗೂಗಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.